ಸಾಸಿವೆಯ ಸಾವಿರದ ನೂರು ಮಾತು

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ತಂಗಿ ಎಲ್ಲರಿಗೂ ಹೇಳಿಕೊಂಡು ಬರುತ್ತಾಳೆ. ಇರಲಿ, ಎಲ್ಲಾದರೂ ಇರಬೇಕಲ್ಲ. ಅವಳ ಕೋಪ ಎಲ್ಲಿದೆ ಎಂದು ನಲವತ್ತು ವರ್ಷದಿಂದ ಹುಡುಕುತ್ತಿದ್ದೇನೆ, ಇನ್ನೂ ಸಿಕ್ಕಿಲ್ಲ. ಆ ಮಂಗಳವಾರ ಸಂಜೆ ಅವಳ ಮಗಳ ಟ್ಯಾಬ್ ಶಾಲೆಯಿಂದ ವಾಪಸು ಬಂದಾಗಲೂ ಅವಳು ಅತ್ತಳು, ನಾನು ಕೂಗಾಡಿದೆ. ಇಬ್ಬರೂ ನಮ್ಮ ನಮ್ಮ ಕೆಲಸ ಮಾಡಿದೆವು.

ಮಗಳಿಗೆ ಹನ್ನೊಂದು ವರ್ಷ. ಹುಟ್ಟಿದಾಗ ಅಂಗೈಯಷ್ಟಿದ್ದಳು, ಹಾಲು ಒಂದು ಗಳಿಗೆ ತಡವಾದರೆ ಸಿಡಿಯುತ್ತಿದ್ದಳು. ಅದಕ್ಕೇ ಸಾಸಿವೆ ಎಂದು ಕರೆದೆ, ಅದೇ ನಿಂತುಬಿಟ್ಟಿತು. ಹೆರಿಗೆಯಲ್ಲಿ ಮಿದುಳಿಗೆ ಉಸಿರು ಸಾಲದೆ ಹೋಗಿ ಕಾಲು ಸ್ವಾಧೀನದಲ್ಲಿಲ್ಲ, ಎಡಗೈ ಮುದುರಿಕೊಂಡಿದೆ, ನಾಲಿಗೆ ಮಾತಿಗೆ ಹೊರಳುವುದಿಲ್ಲ. ಬಲಗೈಯ ತೋರುಬೆರಳೊಂದು ಅವಳು ಹೇಳಿದ ಕಡೆ ಹೋಗುತ್ತದೆ. ಬುದ್ಧಿ ಮಾತ್ರ ನನ್ನ ಕತ್ತರಿಗಿಂತ ಚುರುಕು. ಗಾಲಿಕುರ್ಚಿಯಲ್ಲಿ ಕೂತು ಆರನೇ ತರಗತಿಯವರೆಗೆ ಎಲ್ಲ ಮಕ್ಕಳ ಜೊತೆಯೇ ಓದಿದವಳು.

ಮೂರು ವರ್ಷದ ಹಿಂದೆ ಶಾಲೆಯವರು ಅವಳಿಗೆ ಆ ಟ್ಯಾಬ್ ಕೊಟ್ಟಿದ್ದರು. ಪರದೆಯ ಮೇಲೆ ಚೌಕಗಳು, ಅಡ್ಡಕ್ಕೆ ಎಂಟು, ಉದ್ದಕ್ಕೆ ಐದು. ಒಂದು ಚೌಕ ಒತ್ತಿದರೆ ಒಂದು ಪುಟ ತೆರೆಯುತ್ತದೆ. ಅದರಲ್ಲಿ ಮತ್ತೆ ನಲವತ್ತು ಚೌಕ, ಚೌಕಕ್ಕೊಂದು ಮಾತು. ಎರಡು ಸಲ ಒತ್ತಿದರೆ ಒಂದು ಮಾತು ಕೇಳಿಸುತ್ತದೆ. ಚೌಕದಲ್ಲಿ ಚಿತ್ರ ಹಾಕುವುದನ್ನೂ ನಮ್ಮದೇ ದನಿ ತುಂಬುವುದನ್ನೂ ನನಗೆ ತೋರಿಸಿಕೊಟ್ಟವಳು ಆಗ ಶಾಲೆಯಲ್ಲಿದ್ದ ಮಾತಿನ ಟೀಚರ್. ಮಾತು ಬಾರದ ಮಕ್ಕಳಿಗೆಂದೇ ಇದ್ದ ಸಣ್ಣ ವಯಸ್ಸಿನ ಹೆಣ್ಣುಮಗಳು. "ಒಂದ್ಸಲ ಇಟ್ಟ ಮಾತನ್ನ ಕದಲಿಸಬೇಡಿ ಅಕ್ಕಾ. ಅವಳ ಬೆರಳಿಗೆ ಜಾಗ ಅಭ್ಯಾಸ ಆಗ್ಬೇಕು" ಎಂದಿದ್ದಳು. ನಾನು ದರ್ಜಿ. ಕತ್ತರಿ ಇಟ್ಟ ಕಡೆಯೇ ಇರದಿದ್ದರೆ ನನಗೂ ತಲೆ ಕೆಡುತ್ತದೆ. ಆ ಮಾತು ತಟ್ಟನೆ ತಲೆಗೆ ಹೋಯಿತು.

ತಂಗಿಗೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಪಾಳಿ ಕೆಲಸ, ಅವಳ ಗಂಡ ಲಾರಿ ಹತ್ತಿ ಹೋದರೆ ತಿಂಗಳಿಗೆರಡು ಸಲ ಮುಖ ತೋರಿಸುವವನು. ಹಾಗಾಗಿ ಶಾಲೆ ಬಿಟ್ಟ ಮೇಲೆ ಸಾಸಿವೆ ನನ್ನ ಅಂಗಡಿಯಲ್ಲೇ ಇರುತ್ತಾಳೆ. ಗಿರಾಕಿಯಿಲ್ಲದ ಹೊತ್ತಿನಲ್ಲಿ ನಾನು ಮಾತು ತುಂಬುತ್ತಿದ್ದೆ. ಮೊದಲು ನೀರು, ಊಟ, ಕಕ್ಕಸು. ಆಮೇಲೆ ದಾರ, ಜಿಪ್ಪು, ಭಿನ್ನರಾಶಿ, ಸುಳ್ಳು, ಅನುಮಾನ, "ನನ್ನನ್ನ ಕೇಳಿ, ದೊಡ್ಡಮ್ಮನನ್ನ ಅಲ್ಲ". ಮೂರನೇ ಸಾಲಿನ ಎರಡನೇ ಚೌಕದಲ್ಲಿ ಬೈಗುಳದ ಪುಟವನ್ನೇ ಇಟ್ಟೆ. ಬೈಯಲು ಬಾರದ ಮನುಷ್ಯ ಅರ್ಧ ಮನುಷ್ಯ. ಎಲ್ಲವೂ ನನ್ನದೇ ದನಿ, ಆದ್ದರಿಂದ ಹನ್ನೊಂದು ವರ್ಷದ ಹುಡುಗಿ ಐವತ್ತು ವರ್ಷದ ಹೆಂಗಸಿನ ಗಂಟಲಲ್ಲಿ ಮಾತಾಡುತ್ತಿದ್ದಳು. ಒಬ್ಬ ಗಿರಾಕಿ ಪ್ಯಾಂಟು ಬಿಗಿಯಾಗಿದೆಯೆಂದು ಜಗಳಕ್ಕೆ ನಿಂತಾಗ ಇವಳು ಒಂದೊಂದೇ ಚೌಕ ಒತ್ತಿ, "ಪ್ಯಾಂಟು. ಸರಿ. ಹೊಟ್ಟೆ. ದೊಡ್ಡದು" ಎಂದಳು. ಅವನು ನನ್ನನ್ನು ನೋಡಿದ, ನಾನು ಬಾಯಿ ಮುಚ್ಚಿಕೊಂಡೇ ಇದ್ದೆ. ಮೂರು ವರ್ಷದಲ್ಲಿ ಸಾವಿರದ ನೂರ ನಲವತ್ತಾರು ಮಾತಾಗಿದ್ದವು.

ಆ ಮಂಗಳವಾರ ವಾಪಸು ಬಂದ ಟ್ಯಾಬಿನಲ್ಲಿ ಇದ್ದದ್ದು ನಲವತ್ತು ಮಾತ್ರ. ಯಾರೋ ಯಂತ್ರದ ಹೆಂಗಸು, ಮೂಗು ಕಟ್ಟಿದವಳ ಹಾಗೆ: ನಾನು. ನೀರು. ಹೌದು. ಧನ್ಯವಾದ. ನನಗೆ ಸಂತೋಷವಾಗಿದೆ. ಸಾಸಿವೆ ಮೂರನೇ ಸಾಲಿನ ಎರಡನೇ ಚೌಕ ಒತ್ತಿದಳು. "ದಯವಿಟ್ಟು" ಎಂದಿತು. ಮತ್ತೆ ಒತ್ತಿದಳು. "ದಯವಿಟ್ಟು." ಹತ್ತು ಸಲ ಒತ್ತಿದಳು. ಆಮೇಲೆ ಬೆರಳನ್ನು ಹಿಂದಕ್ಕೆಳೆದುಕೊಂಡು ನನ್ನ ಮುಖ ನೋಡಿದಳು.

ಬುಧವಾರ ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯದೆ ಶಾಲೆಗೆ ಹೋದೆ. ಹೆಡ್‌ಮಾಸ್ಟರ್ ಕೋಣೆಯಲ್ಲಿ ಹತ್ತೊಂಬತ್ತು ಟ್ಯಾಬುಗಳ ಪಟ್ಟಿ ಗೋಡೆಗೆ ಅಂಟಿತ್ತು, ಎಲ್ಲದರ ಮುಂದೆ ಕೆಂಪು ಟಿಕ್ಕು.

"ಕೂತ್ಕೊಳ್ಳಿ ಮೇಡಂ" ಎಂದರು.

"ಕೂರೋಕೆ ಬಂದಿಲ್ಲ ಸಾರ್. ಮಗು ಮಾತೆಲ್ಲ ಏನಾಯ್ತು?"

ಅವರು ಕಂಪ್ಯೂಟರ್ ಆಪರೇಟರನ್ನು ಕರೆಸಿದರು. ಅವನು ನಗುತ್ತಲೇ ಬಂದ. "ಪೂರ್ತಿ ಕ್ಲೀನ್ ಮಾಡಿದೀನಿ ಮೇಡಂ. ಒಳಗಿಂದೂ ಹೊರಗಿಂದೂ. ಹೊಸದರ ಹಾಗಿದೆ ನೋಡಿ." ಹೊಗಳಿಕೆಗೆ ಕಾಯುತ್ತಾ ನಿಂತ.

ವರ್ಷದ ಕೊನೆಗೆ ಮಕ್ಕಳಿಗೆ ಕೊಟ್ಟದ್ದನ್ನೆಲ್ಲ ವಾಪಸು ಪಡೆದು, ಸರಿಮಾಡಿ, ಮತ್ತೆ ಹಂಚುವುದು ಶಾಲೆಯ ಪದ್ಧತಿಯಂತೆ. ಪುಸ್ತಕ, ಚೆಂಡು, ಟ್ಯಾಬು, ಎಲ್ಲಕ್ಕೂ ಒಂದೇ ಅಳತೆ. "ಪುಸ್ತಕ ವಾಪಸ್ ಬಂದಾಗ ಮಕ್ಕಳು ಪೆನ್ಸಿಲಲ್ಲಿ ಗೀಚಿರೋದನ್ನ ರಬ್ಬರ್ ತಗೊಂಡು ಅಳಿಸ್ತೀವಲ್ಲ, ಹಾಗೇ ಇದೂ" ಎಂದರು ಹೆಡ್‌ಮಾಸ್ಟರ್, ನನಗೆ ಪಾಠ ಹೇಳಿಕೊಡುವಂತೆ. "ಕೆಲವರ ಟ್ಯಾಬಲ್ಲಿ ಆಟ ಇತ್ತು, ಸಿನಿಮಾ ಇತ್ತು. ಒಬ್ಬರಿಗೊಂದು ನ್ಯಾಯ ಮಾಡಕ್ಕಾಗಲ್ಲ."

"ಇವಳದು ಆಟ ಅಲ್ಲ ಸಾರ್. ಬಾಯಿ. ರಬ್ಬರ್ ತಗೊಂಡು ಮಗು ಬಾಯಿ ಅಳಿಸಿದೀರಿ."

ಅವರು ಮೇಜಿನ ಮೇಲಿನ ಪೆನ್ನನ್ನು ನೆಟ್ಟಗೆ ಮಾಡಿದರು. ಹಿಂದಿನ ಎರಡು ವರ್ಷವೂ ಮಾತಿನ ಟೀಚರ್ ಈ ಟ್ಯಾಬನ್ನು ರಾಶಿಯಿಂದ ಆಚೆಗಿಟ್ಟು ತಾನೇ ಸಹಿ ಹಾಕುತ್ತಿದ್ದಳಂತೆ. ಈ ವರ್ಷ ನಡುವೆಯೇ ಅವಳ ಗುತ್ತಿಗೆ ಮುಗಿಯಿತು, ಮನೆಗೆ ಕಳಿಸಿದರು. ಇನ್ನು ಹೊಸ ಮಾತು ತುಂಬೋಣವೆಂದರೆ ಆಪರೇಟರ್ ಬೀಗದ ಗುರುತು ತೋರಿಸಿದ. ಯಾರೂ ಏನೂ ಸೇರಿಸದಂತೆ ಪಾಸ್‌ವರ್ಡ್ ಹಾಕಿಯಾಗಿದೆ, ಅದು ಮೇಲಿನ ಕಚೇರಿಯಲ್ಲಿದೆ, ಅರ್ಜಿ ಕೊಟ್ಟರೆ ಒಂದು ತಿಂಗಳು.

ನಮ್ಮ ಹತ್ತಿರ ಒಂದು ತಿಂಗಳಿರಲಿಲ್ಲ. ಒಂದು ದಿನವಿತ್ತು. ಗುರುವಾರ ಸಮಿತಿಯವರು ಬಂದು, ಸಾಸಿವೆ ಏಳನೇ ತರಗತಿಗೆ ಹೋಗಬೇಕೋ ಆರೈಕೆ ವಿಭಾಗಕ್ಕೋ ಎಂದು ತೀರ್ಮಾನಿಸುವವರಿದ್ದರು. ಆರೈಕೆ ವಿಭಾಗವೆಂದರೆ ಶಾಲೆಯ ಹಿಂಭಾಗದ ಒಂದು ಕೋಣೆ. ನೆಲಕ್ಕೆ ಚಾಪೆ, ಗೋಡೆಗೆ ಟಿವಿ. ಮಧ್ಯಾಹ್ನ ಉಣಿಸುತ್ತಾರೆ, ಮಲಗಿಸುತ್ತಾರೆ, ಸಂಜೆ ಕಳಿಸುತ್ತಾರೆ. ಆ ಬಾಗಿಲೊಳಗೆ ಹೋದ ಮಗು ತಿರುಗಿ ತರಗತಿಗೆ ಬಂದದ್ದನ್ನು ನಾನು ಕಂಡಿಲ್ಲ. ಪರೀಕ್ಷೆಯಲ್ಲಿ ಮಗು ಪ್ರಶ್ನೆಗೆ ತಾನೇ ಉತ್ತರ ಕೊಡಬೇಕು. ದಿನ ಮುಂದಕ್ಕೆ ಹಾಕಿ ಎಂದೆ. ತಮ್ಮ ಕೈಯಲ್ಲಿಲ್ಲ ಎಂದರು. ಗೋಡೆಗೆ ಹೇಳಿದ್ದರೆ ಗೋಡೆಯಾದರೂ ಬಿರುಕು ಬಿಡುತ್ತಿತ್ತು.

ನಿಜ ಹೇಳಬೇಕಲ್ಲ. ದಾರಿಯುದ್ದಕ್ಕೂ ಅವರನ್ನು ಬೈದದ್ದಕ್ಕಿಂತ ಹೆಚ್ಚು ನನ್ನನ್ನೇ ಬೈದುಕೊಂಡೆ. "ತಿಂಗಳಿಗೊಂದ್ಸಲ ಎಲ್ಲದರದ್ದೂ ಒಂದು ಕಾಪಿ ತೆಗೆದಿಡಿ ಅಕ್ಕಾ" ಎಂದು ಮಾತಿನ ಟೀಚರ್ ಬಡಕೊಂಡಿದ್ದಳು. ಹೇಗೆಂದು ತೋರಿಸಿಯೂ ಇದ್ದಳು. ನಾನು ನಾಳೆ ಎಂದೆ, ಸಮವಸ್ತ್ರದ ಆರ್ಡರ್ ಮುಗಿಯಲಿ ಎಂದೆ, ಬರುವ ವಾರ ಎಂದೆ. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ಆದರೆ ಮಾಡಿದವಳು ನಾನು, ಉಣ್ಣುವವಳು ಆ ಮಗು.

ಮಧ್ಯಾಹ್ನ ಅಂಗಡಿಯಲ್ಲಿ ತಂಗಿ ಮೂಲೆಯ ಸ್ಟೂಲಿನ ಮೇಲೆ ಕೂತು ಸೆರಗಲ್ಲಿ ಮುಖ ಒರೆಸಿಕೊಳ್ಳುತ್ತಿದ್ದಳು. "ಹೋಗ್ಲಿ ಬಿಡೇ ಅಕ್ಕಾ. ಆರೈಕೆ ವಿಭಾಗದಲ್ಲಿ ಊಟನಾದ್ರೂ ಹೊತ್ತಿಗೆ ಸರಿಯಾಗಿ ಕೊಡ್ತಾರೆ."

"ನಿನ್ನ ಮಗಳೇನು ಹಸುನಾ, ಹೊತ್ತಿಗೆ ಹುಲ್ಲು ಹಾಕಿದ್ರೆ ಸಾಕು ಅನ್ನೋಕೆ?"

"ನೀನು ಕೂಗಾಡಿದ್ರೆ ಅವರು ಇನ್ನೂ ಹಟ ಹಿಡೀತಾರೆ."

"ನೀನು ಸುಮ್ಮನಿದ್ದಿದ್ದಕ್ಕೆ ಏನು ಕೊಟ್ರು?"

ನಮ್ಮ ಜಗಳದ ಮಧ್ಯೆ ಸಾಸಿವೆಯ ಮಡಿಲಲ್ಲಿದ್ದ ಟ್ಯಾಬು "ನನಗೆ ಸಂತೋಷವಾಗಿದೆ" ಎಂದಿತು. ಅವಳ ಮೊಣಕೈ ತಾಗಿತ್ತೇನೋ. ನನ್ನ ತಾಳ್ಮೆ ಅಲ್ಲಿಗೆ ಹರಿಯಿತು. ಕಿತ್ತುಕೊಂಡು ಪೂರ್ತಿ ಆಫ್ ಮಾಡಿ, ಅವಳ ಕುರ್ಚಿಯ ತಟ್ಟೆಹಲಗೆಯ ಮೇಲೆ ಕುಕ್ಕಿದೆ.

ಸಾಸಿವೆ ಕಪ್ಪು ಗಾಜನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಬೆರಳೆತ್ತಿ ಅದರ ಮೇಲೆ ಇಟ್ಟಳು. ಒಂದು ಕಡೆ, ಮತ್ತೆ ಇನ್ನೊಂದು ಕಡೆ. ಮತ್ತೆ ಅದೇ ಎರಡು ಜಾಗ. ನಾನು ಬಾಬಿನ್‌ಗೆ ದಾರ ಸುತ್ತುತ್ತಿದ್ದವಳು ಕೈ ನಿಲ್ಲಿಸಿದೆ. ಮೂರನೇ ಸಾಲು, ಎರಡನೆಯದು. ಬೈಗುಳದ ಪುಟ. ಅದರೊಳಗೆ ಕೊನೆಯ ಸಾಲು, ಬಲಗಡೆಯ ಮೂಲೆ.

"ಕತ್ತೆ" ಎಂದೆ.

ಅವಳು ತಲೆಯನ್ನು ಹಿಂದಕ್ಕೆ ಚೆಲ್ಲಿ ನಕ್ಕಳು. ಇಡೀ ಮೈಯಿಂದ ನಗುತ್ತಾಳೆ ಅವಳು, ಕುರ್ಚಿಯೇ ಅಲುಗುತ್ತದೆ. ಮತ್ತೆ ಒತ್ತಿದಳು: ಕಂಪ್ಯೂಟರ್. ಕತ್ತೆ.

ಅಳಿಸಿದವರು ಗಾಜಿನೊಳಗಿನದನ್ನು ಅಳಿಸಿದ್ದರು, ಅಷ್ಟೇ. ಅವಳ ಬೆರಳಲ್ಲಿ ಒಂದು ಮಾತೂ ಅಳಿಸಿರಲಿಲ್ಲ. ಇಟ್ಟವಳು ನಾನು, ನನ್ನ ತಲೆಯಲ್ಲೂ ಅಳಿಸಿರಲಿಲ್ಲ. ಆ ಮಧ್ಯಾಹ್ನ ಗಿರಾಕಿಗಳಿಗೆಲ್ಲ ನಾಳೆ ಬನ್ನಿ ಎಂದು ಹೇಳಿ, ಅವಳು ಒತ್ತುವುದು ನಾನು ಓದುವುದು, ಇದನ್ನೇ ಮಾಡಿದೆವು. ನಾನು ತಪ್ಪಿದರೆ ಅವಳು ಬೆರಳಿನ ಗೆಣ್ಣಿನಿಂದ ಗಾಜು ಕುಟ್ಟಿ ಮತ್ತೆ ತೋರಿಸುತ್ತಿದ್ದಳು. ಸಂಜೆಯ ಹೊತ್ತಿಗೆ ತಪ್ಪು ಬೆರಳೆಣಿಕೆಗೆ ಇಳಿಯಿತು. ತಂಗಿ ಅಳು ನಿಲ್ಲಿಸಿ ಪಾಳಿಗೆ ಹೋದಳು.

ಗುರುವಾರ ಸಮಿತಿ ಕೂತದ್ದು ಹೆಡ್‌ಮಾಸ್ಟರ್ ಕೋಣೆಯಲ್ಲೇ. ಸಮಿತಿಯೆಂದರೆ ಇಬ್ಬರು. ಒಬ್ಬರು ಮೇಲಿನ ಕಚೇರಿಯ ಅಧಿಕಾರಿ, ಕನ್ನಡಕದ ಮನುಷ್ಯ, ಮುಂದೊಂದು ಹಸಿರು ಕಡತ. ಇನ್ನೊಬ್ಬರು ಡಾಕ್ಟರಮ್ಮ, ಬೇರೆ ಕಡೆಯಿಂದ ಕರೆಸಿದವರು, ಬೆಳಗಿನಿಂದ ಮಕ್ಕಳನ್ನು ನೋಡಿ ನೋಡಿ ಬಳಲಿದ್ದರು. ಹೆಡ್‌ಮಾಸ್ಟರ್ ಪಕ್ಕದಲ್ಲಿ ಕೂತಿದ್ದರು. ಡಾಕ್ಟರಮ್ಮ ಒಂದು ಚಿತ್ರ ತೋರಿಸಿ, "ಇಲ್ಲೇನು ನಡೀತಿದೆ ಪುಟ್ಟಾ?" ಎಂದರು. ಸಾಸಿವೆ ಕಪ್ಪು ಗಾಜಿನ ಮೇಲೆ ಬೆರಳಾಡಿಸಿದಳು. ನಾನು ಓದಿದೆ: "ಹುಡುಗಿ. ಬಸ್ಸು. ತಪ್ಪಿತು. ಅಮ್ಮ. ಬೈತಾಳೆ."

ಕನ್ನಡಕದವರು ಕೈಯೆತ್ತಿದರು. "ಟ್ಯಾಬ್ ಆಫ್ ಆಗಿದೆಯಲ್ಲ."

ನಾನು ವಿವರಿಸಿದೆ. ಸಮಾಧಾನದಿಂದಲೇ ವಿವರಿಸಿದೆ, ತಂಗಿಯ ಮೇಲಾಣೆ.

"ನೋಡೀಮ್ಮಾ" ಎಂದರು ಅವರು, "ಮಗು ಸುಮ್ನೆ ಗಾಜು ಕುಟ್ಟುತ್ತೆ, ನೀವು ನಿಮಗೆ ಬೇಕಾದ್ದು ಹೇಳ್ತೀರಿ. ಇದನ್ನ ಉತ್ತರ ಅಂತ ನಾನು ಹೇಗೆ ಬರೀಲಿ?"

"ಅದು ಮಾತಾಡ್ತಿದ್ದಿದ್ದನ್ನ ಅಳಿಸಿದವರು ನಿಮ್ಮ ಪಕ್ಕದಲ್ಲೇ ಕೂತಿದಾರೆ. ಅವರನ್ನ ಯಾಕೆ ಕೇಳಲ್ಲ ನೀವು?"

"ಭಾವನೆ ಅರ್ಥ ಆಗುತ್ತಮ್ಮಾ."

ಗಾಯದ ಮೇಲೆ ಬರೆ ಎಳೆದು, ಅದಕ್ಕೆ ಅರ್ಥವಾಗುತ್ತದೆ ಎಂಬ ಮುಲಾಮು ಬೇರೆ. "ಹಾಗಾದ್ರೆ ನನ್ನನ್ನ ಹೊರಗೆ ಕಳಿಸಿ. ಬಾಗ್ಲು ಹಾಕ್ಕೊಳ್ಳಿ. ಅವಳಿಗೆ ಏನಾದ್ರೂ ತೋರಿಸಿ, ನನಗೆ ಗೊತ್ತಿಲ್ಲದ್ದು. ಆಮೇಲೆ ಕರೀರಿ. ಅವಳು ಹೇಳ್ತಾಳೆ, ನಾನು ಓದ್ತೀನಿ."

ಕನ್ನಡಕದವರು ಗಡಿಯಾರ ನೋಡಿದರು. ಡಾಕ್ಟರಮ್ಮ, "ಮಾಡೋಣ" ಎಂದರು.

ಹಜಾರದ ಆ ತುದಿಯಲ್ಲಿ ನಲ್ಲಿಯ ಹತ್ತಿರ ನಿಂತೆ. ಜವಾನ ನನ್ನನ್ನು ಕಾಯುತ್ತಿದ್ದ, ನಾನು ಕಿವಿಯನ್ನು ಉದ್ದ ಮಾಡಿ ಕೇಳಿಸಿಕೊಂಡುಬಿಡುತ್ತೇನೋ ಎಂಬಂತೆ. ಸ್ವಲ್ಪ ಹೊತ್ತಿಗೆ ಡಾಕ್ಟರಮ್ಮ ಫೋನು ಕಿವಿಗಿಟ್ಟುಕೊಂಡು ಹೊರಬಂದು, ಕಿಟಕಿಯ ಪಕ್ಕ ನಿಂತು ಯಾರಿಗೋ ಔಷಧಿಯ ಲೆಕ್ಕ ಹೇಳಿ ಮತ್ತೆ ಒಳಗೆ ಹೋದರು. ಆಮೇಲೆ ನನ್ನನ್ನು ಕರೆದರು.

ಸಾಸಿವೆಯ ಮುಖ ಕೆಂಪಾಗಿತ್ತು. ಭಯವಾಗಿದೆಯೇನೋ ಎಂದುಕೊಂಡೆ.

"ನಾನೇನು ತೋರಿಸಿದೆ, ನಿನ್ನ ದೊಡ್ಡಮ್ಮಂಗೆ ಹೇಳು" ಎಂದರು ಡಾಕ್ಟರಮ್ಮ.

ಬೆರಳು ಎದ್ದಿತು. "ಬಾಚಣಿಗೆ" ಎಂದು ಓದಿದೆ. "ಹಲ್ಲು. ಮುರಿದಿದೆ. ಎರಡು."

ಡಾಕ್ಟರಮ್ಮ ತಮ್ಮ ಚೀಲದಿಂದ ಬಾಚಣಿಗೆ ತೆಗೆದು ಮೇಜಿನ ಮೇಲಿಟ್ಟರು. ಎರಡು ಹಲ್ಲು ಮುರಿದಿದ್ದವು. ಅವರು ಅದನ್ನೇ ನೋಡುತ್ತಾ, "ಮುರಿದಿರೋದನ್ನ ನಾನೂ ಗಮನಿಸಿರಲಿಲ್ಲ" ಎಂದರು.

ಅಲ್ಲಿಗೆ ಮುಗಿಯಿತೆಂದು ನಾನು ಉಸಿರು ಬಿಟ್ಟೆ. ಆದರೆ ಬೆರಳು ನಿಂತಿರಲಿಲ್ಲ. ಇನ್ನೂ ಜೋರಾಗಿ ಒತ್ತುತ್ತಿತ್ತು, ಗಾಜು ಟಕಟಕ ಎನ್ನುತ್ತಿತ್ತು. ಮುಂದಿನ ಮಾತು ಏನೆಂದು ನನಗೇ ತಿಳಿಯದೆ ಒಂದೊಂದನ್ನೇ ಓದುತ್ತಾ ಹೋದೆ.

"ಡಾಕ್ಟರ್. ಹೊರಗೆ. ಆಗ. ಕನ್ನಡಕ. ಹೇಳಿದ್ರು." ಅಲ್ಲಿ ಒಂದು ಕ್ಷಣ ತಡೆದೆ. ಅವಳು ಗೆಣ್ಣಿನಿಂದ ಕುಟ್ಟಿದಳು, ಓದು ಎಂದು. "ಕಾಗದ. ಮೊದಲೇ. ಬರೆದಿದೆ. ಸಹಿ. ಮಾತ್ರ. ಬಾಕಿ. ಪರೀಕ್ಷೆ. ಹೆಂಗಸು. ಸುಮ್ಮನಾಗಲಿ. ಅಂತ."

ಕನ್ನಡಕದವರು ಹಸಿರು ಕಡತವನ್ನು ತಮ್ಮ ಹತ್ತಿರಕ್ಕೆ ಸರಿಸಿಕೊಂಡರು.

"ಹೆಡ್‌ಮಾಸ್ಟರ್. ನಕ್ಕರು. ಹೇಳಿದ್ರು. ಇವಳಿಗೆ. ಏನೂ. ಗೊತ್ತಾಗಲ್ಲ."

ನಾನು ಓದುವುದನ್ನು ನಿಲ್ಲಿಸಿದೆ. ಓದಲು ಇನ್ನೇನೂ ಇರಲಿಲ್ಲ. ಅವಳ ಮುಖ ಭಯಕ್ಕೆ ಕೆಂಪಾಗಿರಲಿಲ್ಲ. ಎದುರಿಗೇ ಕೂತ ಮಗುವನ್ನು ಮೇಜು ಕುರ್ಚಿಯಂತೆ ಲೆಕ್ಕಕ್ಕಿಟ್ಟು ಮಾತಾಡಿದ್ದರು. ಅವಳು ಪ್ರತಿಯೊಂದನ್ನೂ ಕೇಳಿಸಿಕೊಂಡು, ನಾನು ಬರುವ ತನಕ ಹಿಡಿದಿಟ್ಟುಕೊಂಡು ಕೂತಿದ್ದಳು.

ಹೆಡ್‌ಮಾಸ್ಟರ್ ಗಂಟಲು ಸರಿಮಾಡಿಕೊಂಡರು. "ಮೇಡಂ, ಹಾಗಲ್ಲ. ಮಕ್ಕಳು ಅಲ್ವಾ, ಏನೋ ಕೇಳಿಸ್ಕೊಂಡು ಏನೋ ಹೇಳ್ತಾವೆ."

"ಹೇಳ್ತಾವೆ ಅಂದ್ರಲ್ಲ ಸಾರ್" ಎಂದೆ. "ಕೇಳಿಸ್ಕೊಳ್ತಾಳೆ, ಹೇಳ್ತಾಳೆ. ನಿಮ್ಮ ಬಾಯಿಂದಲೇ ಬಂತು. ಅಷ್ಟನ್ನೇ ಬರೀರಿ, ನನಗೆ ಬೇರೇನೂ ಬೇಡ."

ಡಾಕ್ಟರಮ್ಮ ಕೈ ಚಾಚಿ ಹಸಿರು ಕಡತವನ್ನು ತಮ್ಮ ಕಡೆ ಎಳೆದುಕೊಂಡರು. ಕನ್ನಡಕದವರು ಅದರ ಮೇಲೆ ಅಂಗೈ ಇಟ್ಟರು, ಡಾಕ್ಟರಮ್ಮ ಆ ಅಂಗೈ ಏಳುವವರೆಗೆ ಕಾದರು. ಒಳಗೆ ಕಾಗದವಿತ್ತು. ಬೆಳಗಿನ ತಾರೀಖು, ಅಚ್ಚುಕಟ್ಟಾದ ಅಕ್ಷರ: ಸಂವಹನ ಸಾಮರ್ಥ್ಯವಿಲ್ಲ, ಆರೈಕೆ ವಿಭಾಗಕ್ಕೆ ಶಿಫಾರಸು. ಕನ್ನಡಕದವರ ಸಹಿಯಾಗಿತ್ತು. ಡಾಕ್ಟರಮ್ಮನ ಸಹಿಯ ಜಾಗ ಖಾಲಿಯಿತ್ತು. ಅವರು ಅದರ ಉದ್ದಕ್ಕೂ ಒಂದು ಗೆರೆ ಎಳೆದರು. ಹೊಸ ಹಾಳೆ ತೆಗೆದುಕೊಂಡು ಏಳನೇ ತರಗತಿ ಎಂದು ಬರೆದು ಸಹಿ ಹಾಕಿದರು. ಟ್ಯಾಬಿನ ಬೀಗ ಒಂದು ವಾರದೊಳಗೆ ತೆಗೆಯಬೇಕೆಂದೂ ಬರೆದು, ಎರಡು ಹಾಳೆಗಳನ್ನೂ ಕನ್ನಡಕದವರ ಮುಂದೆ ತಳ್ಳಿದರು. "ಎರಡೂ ಕಡತದಲ್ಲೇ ಇರಲಿ ಸಾರ್. ತಾರೀಖು ಸಮೇತ." ಆ ಮನುಷ್ಯ ಹೊಸ ಹಾಳೆಗೆ ಸಹಿ ಹಾಕಿದ್ದನ್ನು ನಾನು ಕಣ್ಣಾರೆ ನೋಡಿದೆ.

ಖುಷಿಯಾಗಬೇಕಿತ್ತು. ಆಗಲಿಲ್ಲ. ಕುರ್ಚಿ ತಳ್ಳಿಕೊಂಡು ಹೊರಬಂದರೆ ಬಾಗಿಲಾಚೆ ಬೆಂಚಿನ ಮೇಲೆ ಮುಂದಿನ ತಾಯಿ ಕಾಯುತ್ತಿದ್ದಳು, ಮಡಿಲಲ್ಲಿ ಆರೇಳು ವರ್ಷದ ಮಗಳು. ಮಗುವಿನ ಕೊರಳಲ್ಲಿ ನೇತುಹಾಕಿದ ಟ್ಯಾಬು. ಹತ್ತೊಂಬತ್ತರಲ್ಲಿ ಒಂದು. ಮಗು ಒಂದೇ ಚೌಕವನ್ನು ಒತ್ತುತ್ತಲೇ ಇತ್ತು, ಯಂತ್ರದ ಹೆಂಗಸು "ದಯವಿಟ್ಟು, ದಯವಿಟ್ಟು" ಎನ್ನುತ್ತಲೇ ಇದ್ದಳು.

"ಒಳಗೆ ಏನು ಕೇಳ್ತಾರಕ್ಕಾ?" ಎಂದಳು ಆ ತಾಯಿ. "ನಮ್ಮದು ಮಾತಿನ ಟೀಚರೇ ತುಂಬಿಕೊಟ್ಟಿದ್ರು. ಎಲ್ಲೆಲ್ಲಿ ಏನಿತ್ತೋ ನಂಗೆ ಒಂದೂ ಗೊತ್ತಿಲ್ಲ."

ಆ ಮಗುವಿನ ಬೆರಳಿಗೆ ಗೊತ್ತಿತ್ತು. ಓದುವವರು ಯಾರೂ ಇರಲಿಲ್ಲ. ಒಳಗಿರುವ ಕಡತದಲ್ಲಿ ಇವಳದ್ದೂ ಕಾಗದ ಬೆಳಿಗ್ಗೆಯೇ ಬರೆದಾಗಿರುತ್ತದೆ. ನಾನು ಗೋಡೆಗೊರಗಿದೆ. ತಂಗಿಯನ್ನು ಇಷ್ಟು ವರ್ಷ ಆಡಿಕೊಂಡವಳು ಹಜಾರದ ನಡುವೆ ನಿಂತು ಬಿಕ್ಕಿ ಬಿಕ್ಕಿ ಅತ್ತೆ.

ಗೆಣ್ಣಿನ ಸದ್ದು ಕೇಳಿಸಿತು. ಸಾಸಿವೆ ಕಪ್ಪು ಗಾಜನ್ನು ಕುಟ್ಟಿ ನನ್ನನ್ನು ಕರೆಯುತ್ತಿದ್ದಳು. ಕಣ್ಣೊರೆಸಿಕೊಂಡು ಅವಳ ಬೆರಳು ನೋಡಿದೆ. ನಿಧಾನವಾಗಿ, ನಾನು ತಪ್ಪು ಓದದ ಹಾಗೆ, ಒತ್ತಿದಳು.

ದೊಡ್ಡಮ್ಮ. ಅಳಬೇಡ. ಬೈಯಿ.

ಆ ತಾಯಿಗೆ, "ಬಾರಮ್ಮ ನನ್ನ ಜೊತೆ" ಎಂದೆ. ಕುರ್ಚಿಯನ್ನು ಬಾಗಿಲ ಕಡೆ ತಿರುಗಿಸಿದೆ. ತಟ್ಟಲಿಲ್ಲ, ತಳ್ಳಿಕೊಂಡೇ ಒಳಗೆ ಹೋದೆ.